ಓಬಣ್ಣನ ಮೊಮ್ಮಗ ಒಬಡಾಯ

ದಾವಣಗೆರೆಯಲ್ಲಿ ಈಗ ಮಗುವಿಗೆ ಹೆಸರು ಹುಡುಕುವುದು ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ಹೆಸರು ಯುನೀಕ್ ಆಗಿರಬೇಕು. ಎರಡು ಮೂರು ಅಕ್ಷರ ಸಾಕು. ನಾಳೆ ಅಮೆರಿಕಕ್ಕೆ ಹೋದರೆ ಅಲ್ಲಿನವರ ನಾಲಿಗೆ ಹೊರಳಬೇಕು. ಮಗು ಇನ್ನೂ ಬೋರಲು ಬಿದ್ದಿಲ್ಲ, ವೀಸಾದ ಚಿಂತೆ ಆಗಲೇ ಶುರು.

ವಿಹಾನ್, ಆರವ್, ರಿಯಾನ್ಶ್ ಎಲ್ಲ ಬಂದವು, ಹಳತೂ ಆದವು. ಯುನೀಕ್ ಬೇಕೆಂದ ಅಷ್ಟೂ ಜನ ಒಂದೇ ಹೆಸರು ಇಟ್ಟರೆ ಇನ್ನೇನಾಗುತ್ತದೆ? ಪ್ಲೇ ಹೋಮಿನಲ್ಲಿ ವಿಹಾನ್ ಅಂತ ಕೂಗಿದರೆ ಅರ್ಧ ಕ್ಲಾಸು ಎದ್ದು ನಿಲ್ಲುತ್ತದೆ. ಹಾಗಾಗಿ ಈಗ ಕಣ್ಣು ಬಿದ್ದಿರುವುದು ಬೈಬಲ್ಲಿನ ಮೇಲೆ. ಎಜ್ರಾ, ಈಥನ್, ಆಶರ್, ಲೀವೈ. ಬೈಬಲ್ ಓದಿ ಮೆಚ್ಚಿ ಇಟ್ಟರೆ ಯಾರದೇನು ತಕರಾರು? ಆದರೆ ಪುಸ್ತಕ ಯಾರೂ ಮುಟ್ಟಿಲ್ಲ. ಟೆಕ್ಸಾಸಿನ ಮೈದುನ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಾನೆ, ಅಷ್ಟೇ.

ಆ ಪಟ್ಟಿಯ ಕಥೆ ಚೆನ್ನಾಗಿದೆ. ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ಇಲಾಖೆಯ ಬಳಿ 1880ರಿಂದ ಈಚಿನ ಮಕ್ಕಳ ಹೆಸರುಗಳ ಲೆಕ್ಕವಿದೆ. ವರ್ಷವರ್ಷವೂ ರ‍್ಯಾಂಕ್ ಪಟ್ಟಿ ಬಿಡುತ್ತಾರೆ, ನಮ್ಮಲ್ಲಿ ಪಿಯುಸಿ ರಿಸಲ್ಟ್ ಬಿಟ್ಟ ಹಾಗೆ. ಗಂಡು ಹೆಸರುಗಳಲ್ಲಿ 1961ರಿಂದ 1998ರವರೆಗೆ ಮೈಕೇಲನದೇ ದರ್ಬಾರು. 1999ರಿಂದ 2012ರವರೆಗೆ ಜೇಕಬ್. ಆಮೇಲೆ ನಾಲ್ಕು ವರ್ಷ ನೋವಾ. ಮೂವರೂ ಬೈಬಲ್ಲಿನವರೇ. ಮನೆಗೊಬ್ಬ ಜೇಕಬ್ ಆದಾಗ ಅಲ್ಲಿನ ತಾಯ್ತಂದೆಯರಿಗೂ ಬೇಜಾರಾಯಿತು. ಮುತ್ತಜ್ಜಂದಿರ ಕಾಲದ ಎಜ್ರಾ, ಸೈಲಸ್‌ಗಳನ್ನು ಅಟ್ಟದಿಂದ ಇಳಿಸಿ ದೂಳು ಒರೆಸಿಕೊಂಡರು. ಹೆಣ್ಣುಮಕ್ಕಳಲ್ಲಿ ದೆಲೀಲಳಿಗೂ ಒಳ್ಳೆಯ ಕಾಲ ಬಂತು. ಕೂದಲಲ್ಲೇ ಬಲವಿಟ್ಟುಕೊಂಡಿದ್ದ ಬೈಬಲ್ಲಿನ ಸಂಸೋನನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಲೆ ಬೋಳಿಸಿದ ಅದೇ ದೆಲೀಲ. ಪಾಪ, ಕೂದಲು ಹೋದ ಸಂಸೋನ ಪಟ್ಟಿಯಲ್ಲಿ ಎಲ್ಲೋ ಹಿಂದಿದ್ದಾನೆ.

ಅವರು ತಮ್ಮ ಮುತ್ತಜ್ಜನ ಹೆಸರಿಟ್ಟರು. ನಾವೂ ಅವರ ಮುತ್ತಜ್ಜನ ಹೆಸರೇ ಇಟ್ಟೆವು. ಹಾಗಾದರೆ ನಮ್ಮ ಮುತ್ತಜ್ಜನ ಗತಿ?

ಅವನು ನಾಯಕನಹಟ್ಟಿ ತೇರಿನ ಹಗ್ಗ ಹಿಡಿದು ನಿಂತಿದ್ದಾನೆ. ತಿಪ್ಪೇಸ್ವಾಮಿ, ತಿಪ್ಪಮ್ಮ, ಕೊಟ್ರೇಶಿ, ಕರಿಬಸಪ್ಪ, ಓಬಣ್ಣ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ‘ತಿಪ್ಪೇಸ್ವಾಮೀ’ ಅಂದರೆ ಇವತ್ತಿಗೂ ನಾಲ್ಕು ಜನ ತಿರುಗುತ್ತಾರೆ, ನಾಲ್ವರಿಗೂ ಕನ್ನಡಕ. ಓಬಣ್ಣ ಅಂತ ಇಟ್ಟರೆ ಹಳ್ಳಿ ಗುಗ್ಗು. ಬೈಬಲ್ಲಿನ ಒಬಡಾಯ ಅಂತ ಇಟ್ಟು ಮನೆಯಲ್ಲಿ ‘ಓಬಿ’ ಅಂದರೆ ಸ್ಟೈಲು! ದುರ್ಗದ ಕಿಂಡಿಯಲ್ಲಿ ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ಬಡಿದ ಓಬವ್ವನ ಹೆಸರು ಸ್ಟೇಡಿಯಮ್ಮಿಗೆ ಬೇಕು. ನವೆಂಬರ್ 11ರ ಜಯಂತಿ ಭಾಷಣಕ್ಕೆ ಬೇಕು. ತೊಟ್ಟಿಲಿಗೆ ಮಾತ್ರ ಬೇಡ.

ಇತ್ತ ನಿಜವಾಗಿ ಬೈಬಲ್ ಓದುವವರನ್ನು ನೋಡಿ. ಹರಿಹರದ ಆರೋಗ್ಯ ಮಾತೆಯ ಹಬ್ಬಕ್ಕೆ ಬರುವ ಹಿರಿಯರು ಚಿನ್ನಪ್ಪ, ಜ್ಞಾನಮ್ಮ, ಆರೋಗ್ಯಸ್ವಾಮಿ. ಸಮುವೇಲನಿಗೂ ಒಂದು ‘ಅಪ್ಪ’ ಸೇರಿಸಿ ಸಮುವೇಲಪ್ಪ ಮಾಡಿಕೊಂಡ ಜನ. ಅವರ ಮೊಮ್ಮಕ್ಕಳು ಆರ್ಯನ್, ಅನನ್ಯ. ಪಕ್ಕದ ಮನೆಯ ವಿಭೂತಿ ಹಚ್ಚುವ ಅಜ್ಜನ ಮೊಮ್ಮಗ ಈಥನ್. ಕೋಮು ಸೌಹಾರ್ದ ಅಂದರೆ ಇದೇ ಇರಬೇಕು, ಸುಮ್ನೆ ನಾವು ಗುರುತಿಸಿಲ್ಲ.

ಮೊನ್ನೆ ದುರ್ಗದಲ್ಲಿ ಒಂದು ತೊಟ್ಟಿಲ ಕಾರ್ಯ. ಹೆಸರು ಹೆಜೆಕಾಯ. ಬೈಬಲ್ಲಿನ ಒಬ್ಬ ಅರಸ. ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು, ಇದು ಪದ್ಧತಿ. ಪಾಪ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಿದ್ದಳು. ಅರಿಶಿನಕ್ಕೆ ಅಳಿಸಿ ಹೋಗಿತ್ತು. ಬಗ್ಗಿ, ಕುರ್‌ರ್ ಅಂದು, ಧೈರ್ಯ ಮಾಡಿ ‘ಹೆಜ್ಜೇನ್ಕಾಯಿ’ ಅಂದಳು. ಧಬಧಬ ಗುದ್ದು ಬಿದ್ದವು. ‘ಅಕ್ಕಾ, ಹೆಜೆಕಾಯ!’ ಅಂತ ಬಾಣಂತಿ ಹಲ್ಲು ಕಚ್ಚಿದಳು. ಎರಡನೇ ಸಲ ‘ಹೀರೇಕಾಯಿ’ ಆಯಿತು. ಗುದ್ದುವವರಿಗೇನು, ತಪ್ಪಾದಷ್ಟೂ ಲಾಭ. ಮೂರನೇ ಸಲ ಅವಳು ಬೆನ್ನು ಸವರಿಕೊಂಡು ‘ಗುಂಡಪ್ಪಾ’ ಅಂದುಬಿಟ್ಟಳು. ಮಗು ಅದಕ್ಕೇ ನಕ್ಕಿತು. ಗುಗ್ಗರಿ ಹಂಚಿದರು.

ಈ ಅರಸ ಕಾಯಿಲೆ ಬಿದ್ದು ಬೇಡಿಕೊಂಡಾಗ ದೇವರು ಅವನಿಗೆ 15 ವರ್ಷ ಆಯುಷ್ಯ ಹೆಚ್ಚಿಗೆ ಕೊಟ್ಟನಂತೆ. ನಮ್ಮ ಜನನ ನೋಂದಣಿ ನಿಯಮವೂ ಅಷ್ಟೇ ಉದಾರ. ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ತಡವಾದದ್ದಕ್ಕೆ ಶುಲ್ಕ ಕಟ್ಟಿದರೆ 15 ವರ್ಷದವರೆಗೂ ಅವಕಾಶ. ಬುದ್ಧಿವಂತರು ಹೆಸರಿನ ಜಾಗ ಖಾಲಿ ಬಿಟ್ಟು ಕಾಯುವುದೇ ಲೇಸು. ಅಷ್ಟರಲ್ಲಿ ಟೆಕ್ಸಾಸಿನಲ್ಲಿ ಯಾರೋ ಒಬ್ಬ ದೊರೆ ತನ್ನ ಕೂಸಿಗೆ ತಿಪ್ಪೇಸ್ವಾಮಿ ಅಂತ ಇಟ್ಟು, ಮುದ್ದಿಗೆ ‘ಟಿಪ್’ ಅಂತ ಕರೆದರೂ ಕರೆದಾನು. ಮರುದಿನ ಬೆಳಿಗ್ಗೆಯೇ ದಾವಣಗೆರೆ ಪಾಲಿಕೆಯ ಕೌಂಟರಿನ ಮುಂದೆ ಕ್ಯೂ ನಿಲ್ಲುತ್ತದೆ. ‘ಅಮೆರಿಕದ ಸ್ಪೆಲಿಂಗೇ ಹಾಕಿ ಸಾರ್, ನಮ್ಮ ಊರಿಂದು ಬೇಡ.’