ಗುಮ್ಮಟಕ್ಕೊಂದು ಬೀಗ, ಬೀಗಕ್ಕೊಂದು ಸಮಿತಿ

ವಿಶ್ವವಿದ್ಯಾಲಯಕ್ಕೆ ತಾರಾಲಯ ಬಂದಿದೆ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ. ಓದಿದವರೆಲ್ಲ ತಮ್ಮದೇ ಅಂದುಕೊಂಡರೆ ಅದು ನನ್ನ ತಪ್ಪಲ್ಲ. ಗುಮ್ಮಟ ಚೆನ್ನಾಗಿದೆ, ಒಳಗಿನ ಎಸಿ ಇನ್ನೂ ಚೆನ್ನಾಗಿದೆ. ಬಾಗಿಲ ಪಕ್ಕ ಉದ್ಘಾಟನೆಯ ಕಲ್ಲಿದೆ. ಅದರ ಮೇಲಿನ ಹೆಸರುಗಳನ್ನು ಓದಿ ಮುಗಿಸುವಷ್ಟರಲ್ಲಿ ಒಳಗೆ ಅರ್ಧ ಗಂಟೆಯ ಶೋ ಮುಗಿದಿರುತ್ತದೆ.

ಎದುರಿಗೇ ಭೌತಶಾಸ್ತ್ರ ವಿಭಾಗ. ಅಲ್ಲಿ ಮೇಷ್ಟ್ರು ಬೋರ್ಡಿನ ಮೇಲೆ ಒಂದು ವೃತ್ತ ಬರೆದು, ಅದಕ್ಕೆ ಓರೆಯಾಗಿ ಇನ್ನೊಂದು ವೃತ್ತ ಬರೆದು, "ಇದು ಸೂರ್ಯನ ದಾರಿ, ಕಲ್ಪಿಸಿಕೊಳ್ಳಿ" ಅನ್ನುತ್ತಾರೆ. ಹುಡುಗರು ನೋಟ್ಸಿಗೆ ಇಳಿಸಿಕೊಳ್ಳುತ್ತಾರೆ. ಮಂಗಳ ಗ್ರಹ ಆಕಾಶದಲ್ಲಿ ಹಿಂದಕ್ಕೆ ನಡೆದ ಹಾಗೆ ಕಾಣುವ ಚಿತ್ರ ಐದು ಮಾರ್ಕ್ಸಿಗೆ ಗ್ಯಾರಂಟಿ. ನಮ್ಮ ಬಸ್ಸು ಪಕ್ಕದ ಬಸ್ಸನ್ನು ದಾಟುವಾಗ ಅದು ಹಿಂದೆ ಹೋದ ಹಾಗೆ ಕಾಣುತ್ತಲ್ವಾ, ಇದೂ ಅಷ್ಟೇ: ಭೂಮಿ ಒಳದಾರಿಯಲ್ಲಿ ಮಂಗಳವನ್ನು ದಾಟಿ ಹೋಗುತ್ತದೆ. ಗುಮ್ಮಟದಲ್ಲಿ ಇದಕ್ಕೆ ಒಂದು ನಿಮಿಷ ಸಾಕು. ತಿಂಗಳುಗಳನ್ನು ಸರಸರ ಓಡಿಸಿದರೆ ಕೆಂಪು ಚುಕ್ಕೆ ನಿಂತು, ಹಿಂದೆ ಸರಿದು, ಮತ್ತೆ ಮುಂದೆ ಹೊರಡುತ್ತದೆ.

ಹಾಗಾದರೆ ಹುಡುಗರನ್ನು ರಸ್ತೆ ದಾಟಿಸಿ ಕರೆದುಕೊಂಡು ಹೋಗಬಾರದೇ? ಹೋಗಬಹುದು. ಬೀಗದ ಕೈ ಕುಲಸಚಿವರ ಕಚೇರಿಯಲ್ಲಿದೆ. ವಿಭಾಗದ ಮುಖ್ಯಸ್ಥರು ಪತ್ರ ಬರೆಯಬೇಕು, ಡೀನ್ ಶಿಫಾರಸು ಮಾಡಬೇಕು, ತಾರಾಲಯ ಸಮಿತಿ "ಪರಿಶೀಲಿಸಿ ಮಂಡಿಸಿ" ಅಂತ ಬರೆಯಬೇಕು. ಮಂಗಳ ಹಿಂದೆ ನಡೆಯೋದು ಸುಮಾರು 26 ತಿಂಗಳಿಗೊಮ್ಮೆ. ಕಡತಕ್ಕೆ ಅಂಥ ಶಿಸ್ತಿಲ್ಲ, ವಾರಕ್ಕೆ ಎರಡು ಸಲ ಹಿಂದೆ ಬರುತ್ತದೆ.

ಸಾರ್ವಜನಿಕರಿಗೂ ಪ್ರವೇಶ ಉಂಟು. ಕೆಲಸದ ದಿನಗಳಲ್ಲಿ ಮಾತ್ರ, ಬೆಳಿಗ್ಗೆ 11ರಿಂದ ಸಂಜೆ 4ರವರೆಗೆ. ಅಂದರೆ ಸಾರ್ವಜನಿಕರು ಕೆಲಸಕ್ಕೆ ಹೋಗಿರುವ ಹೊತ್ತಿನಲ್ಲಿ. ಭಾನುವಾರ ನಕ್ಷತ್ರಗಳಿಗೆ ರಜೆ. ಬರುವವರು ಪ್ರವಾಸದ ಬಸ್ಸಿನ ಶಾಲಾ ಮಕ್ಕಳು ಮಾತ್ರ. ಲೈಟು ಆರಿದ ಕೂಡಲೇ "ಓ..." ಅಂತ ಕೂಗುತ್ತಾರೆ. ರೆಕಾರ್ಡಿನ ದನಿ "ಅನಂತ ವಿಶ್ವದ ಅಗೋಚರ ವಿಸ್ಮಯಗಳು" ಅನ್ನುವ ಹೊತ್ತಿಗೆ ಅವರ ಜೊತೆ ಬಂದ ಮೇಷ್ಟ್ರಿಗೆ ನಿದ್ದೆ ಹತ್ತಿರುತ್ತದೆ.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಯಾವ ವಿಶ್ವವಿದ್ಯಾಲಯದ್ದೂ ಅಲ್ಲ. 1989ರಿಂದ ನಡೆಯುತ್ತಿದೆ. ಅಲ್ಲಿ ಡಿಗ್ರಿ ಹುಡುಗರಿಗೆ ವಾರದ ಕೊನೆಗೆ ಭೌತಶಾಸ್ತ್ರದ ಪಾಠವನ್ನೂ ಹೇಳಿಕೊಟ್ಟಿದ್ದಾರೆ. ಇದನ್ನು ನಮ್ಮ ಸಮಿತಿಗೆ ಯಾರೋ ಹೇಳಿದರಂತೆ. "ಅವರಿಗೆ ಬೇರೆ ಕೆಲಸ ಇಲ್ಲ" ಅಂತ ಉತ್ತರ ಬಂತಂತೆ.

ನಮ್ಮ ಗುಮ್ಮಟ ನಿಜವಾಗಿ ಎಚ್ಚರಗೊಳ್ಳೋದು ಗಣ್ಯರು ಬಂದಾಗ. ತಾರಾಲಯದ ಕುರ್ಚಿ ಹಿಂದಕ್ಕೆ ವಾಲುತ್ತದೆ, ಆಕಾಶ ಕಾಣಲಿ ಅಂತ. ಗಣ್ಯರನ್ನು ಹಾಗೆ ಮಲಗಿಸೋದು ಶಿಷ್ಟಾಚಾರವೇ? ಅದಕ್ಕೇ ಅತಿಥಿಗೃಹದಿಂದ ಸೋಫಾ ತಂದು, ಬಿಳಿ ಟರ್ಕಿ ಟವೆಲ್ ಹಾಸಿ, ಮುಂದೆ ಟೀಪಾಯಿ, ಅದರ ಮೇಲೆ ಗೋಡಂಬಿ ಇಡುತ್ತಾರೆ. ಸಾಹೇಬರು ನೆಟ್ಟಗೆ ಕೂತು ಎದುರಿನ ಗೋಡೆ ನೋಡುತ್ತಾರೆ. ಇಡೀ ಕ್ಷೀರಪಥ ಅವರ ತಲೆ ಮೇಲೆ ಸುಮ್ನೆ ಹಾದು ಹೋಗುತ್ತದೆ. ಕೊನೆಗೆ "ಬಹಳ ಚೆನ್ನಾಗಿದೆ" ಅನ್ನುತ್ತಾರೆ. ಗೋಡಂಬಿ ಚೆನ್ನಾಗಿತ್ತು ಅಂತ ಕಾಣುತ್ತೆ.

ಮೊನ್ನೆ ಏಪ್ರಿಲ್ ಕೊನೆಗೆ ಒಬ್ಬ ಅತಿಥಿ ಉಪನ್ಯಾಸಕನಿಗೆ ತಾಳ್ಮೆ ಕೆಟ್ಟಿತು. ವರ್ಷಕ್ಕೆ ಎರಡು ದಿನ ನಮ್ಮ ಕಡೆ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಬೆಂಗಳೂರಿನಲ್ಲಾದರೆ ಏಪ್ರಿಲ್ 24-25ಕ್ಕೆ, ಮತ್ತೆ ಆಗಸ್ಟ್ 18ರ ಹೊತ್ತಿಗೆ. ಆಗ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರೋದಿಲ್ಲ. ಈತ ಹುಡುಗರನ್ನು ಗುಮ್ಮಟದ ಮುಂದೆ ನಿಲ್ಲಿಸಿ ಒಂದು ಕೋಲು ನೆಟ್ಟ. ನೆರಳು ಕುಗ್ಗುತ್ತಾ ಬಂದು ಕೋಲಿನ ಬುಡ ಸೇರಿ ಮಾಯವಾಯಿತು. ಹುಡುಗರು ಚಪ್ಪಾಳೆ ಹೊಡೆದರು. ಖರ್ಚು ಸೊನ್ನೆ.

ಮರುದಿನವೇ ನೋಟಿಸ್ ಬಂತು. ಟೆಂಡರ್ ಕರೆಯದೆ ಆವರಣದಲ್ಲಿ ಕೋಲು ನೆಟ್ಟಿದ್ದೇಕೆ, ಸದರಿ ಕೋಲಿನ ನೆರಳು ಎಲ್ಲಿಗೆ ಹೋಯಿತು, ಅದಕ್ಕೆ ಹೊಣೆ ಯಾರು. ವಿವರಣೆಯನ್ನು ಏಳು ದಿನದೊಳಗೆ, ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.