ಮಾತ್ರೆ ಶುರು ಮಾಡೋದಾ, ಬೇಡವಾ?

ಬಿಪಿ ಮಾತ್ರೆಗೆ ನಮ್ಮ ಮನೆಗಳಲ್ಲಿ ಊಟದ ಮೇಜಿನ ಮೇಲೇ ಜಾಗ. ಆತಂಕದ ಮಾತ್ರೆಗೆ ಮಾತ್ರ ಬೀರುವಿನಲ್ಲಿ, ಸೀರೆಗಳ ಅಡಿ. ಅದೂ ತಂದಿದ್ದರೆ! ಡಾಕ್ಟರು ಬರೆದ ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿಂಗಳುಗಟ್ಟಲೆ ಓಡಾಡುವವರಿದ್ದಾರೆ. ‘ಒಮ್ಮೆ ಶುರು ಮಾಡಿದ್ರೆ ಬಿಡೋಕೇ ಆಗಲ್ವಂತೆ’ ಎಂಬ ಭಯ. ಆತಂಕದವರಿಗೆ ಮಾತ್ರೆಯ ಬಗ್ಗೆಯೇ ಆತಂಕವಾದರೆ ಆಶ್ಚರ್ಯವೇನು ಬಿಡಿ.

ಆ ಮಾತು ನಿಜವೋ ಸುಳ್ಳೋ ಎಂಬುದು ಮಾತ್ರೆ ಯಾವುದು ಎಂಬುದರ ಮೇಲಿದೆ. ಆತಂಕಕ್ಕೆ ಹೆಚ್ಚಾಗಿ ಬರೆಯುವ ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್ ಚಟ ಹಿಡಿಸುವಂಥವಲ್ಲ. ತಟ್ಟನೆ ನಿಲ್ಲಿಸಿದರೆ ಮಾತ್ರ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂಥ ಜುಮ್ಮು ಬರಬಹುದು. ಕ್ಲೊನಾಜೆಪಾಮ್ ಬೇರೆಯೇ ಜಾತಿ. ನುಂಗಿದ ಸ್ವಲ್ಪ ಹೊತ್ತಿಗೇ ಹಾಯೆನಿಸುತ್ತದೆ, ಅಪಾಯವೂ ಅಲ್ಲೇ: ಕೆಲವು ವಾರ ದಿನಾ ತೆಗೆದುಕೊಂಡರೆ ದೇಹ ಅದನ್ನೇ ಬೇಡತೊಡಗುತ್ತದೆ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಎಸ್ಸಿಟಲೋಪ್ರಾಮ್, ಕ್ಲೊನಾಜೆಪಾಮ್ ಎರಡನ್ನೂ ಒಂದೇ ಗುಳಿಗೆಯಲ್ಲಿ ಬೆರೆಸಿದ್ದು ಸಿಗುತ್ತದೆ, ಮೊದಲನೆಯದು 10 ಮಿ.ಗ್ರಾಂ.ಗೆ ಎರಡನೆಯದು 0.5 ಮಿ.ಗ್ರಾಂ. ಲೆಕ್ಕದಲ್ಲಿ. ಹಾಗೆ ಬೆರೆತ ಮೇಲೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವುದು ಹೇಗೆ? ಸ್ಟ್ರಿಪ್ಪಿನ ಬೆನ್ನಿನ ಸಣ್ಣಕ್ಷರ ಓದಿ, ಬಿಡಿಬಿಡಿಯಾಗಿ ಬರೆದುಕೊಡಲು ಕೇಳುವುದು ಮೇಲು.

ಬೇಕೇ ಬೇಡವೇ ಎನ್ನುವುದಕ್ಕೆ, ಆತಂಕ ಎಷ್ಟಿದೆ ಎಂದು ಅಳೆಯುವ ‘ಗ್ಯಾಡ್-7’ ಎಂಬ ಏಳು ಪ್ರಶ್ನೆಗಳಿವೆ. ಕಳೆದ ಎರಡು ವಾರದ ಲೆಕ್ಕ, ಒಟ್ಟು 21 ಅಂಕ. 10 ಅಥವಾ ಅದಕ್ಕೂ ಹೆಚ್ಚು ಬಂದರೆ ಡಾಕ್ಟರ ಹತ್ತಿರ ಮಾತಾಡಬೇಕು. ಅಂಕಕ್ಕಿಂತ ನಿದ್ದೆ, ಕೆಲಸ, ಬಸ್ ಹತ್ತುವ ಧೈರ್ಯ ಎಷ್ಟು ಕೆಟ್ಟಿವೆ ಎಂಬುದೇ ಮುಖ್ಯ. ಥೈರಾಯ್ಡ್ ಒಮ್ಮೆ ನೋಡಿಸಿ; ದಿನಕ್ಕೆಷ್ಟು ಕಾಫಿ ಎಂದೂ ಪ್ರಾಮಾಣಿಕವಾಗಿ ಎಣಿಸಿ, ಇವೆರಡರಿಂದಲೂ ಆತಂಕದಂಥದೇ ಲಕ್ಷಣ ಬರಬಹುದು. ತೊಂದರೆ ಹಗುರವಾಗಿದ್ದು, ವಾರವಾರ ಆಪ್ತಸಮಾಲೋಚನೆಗೆ ಹೋಗಲು ಸಾಧ್ಯವಿದ್ದರೆ ಮೊದಲು ಅದೇ ಆಗಲಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಶುರು ಮಾಡಿದರೆ, ಎಸ್ಸಿಟಲೋಪ್ರಾಮ್ ಸಾಮಾನ್ಯವಾಗಿ 5 ಮಿ.ಗ್ರಾಂ.ನಿಂದ, ಒಂದು ವಾರದ ಮೇಲೆ 10. ಕಷ್ಟವೆಂದರೆ ವಾಕರಿಕೆ, ಚಡಪಡಿಕೆ ಮೊದಲ ದಿನಗಳಲ್ಲೇ ಬರುತ್ತವೆ; ಗುಣ ಕಾಣಲು ಎರಡರಿಂದ ಆರು ವಾರ. ಬಹಳ ಮಂದಿ ಆ ನಡುವಿನಲ್ಲೇ ಬಿಟ್ಟುಬಿಡುತ್ತಾರೆ. 25ರೊಳಗಿನವರಲ್ಲಿ ಸಾಯುವ ಯೋಚನೆ ಹೆಚ್ಚಬಹುದು, ಹಾಗನಿಸಿದರೆ ಅಂದೇ ಡಾಕ್ಟರಿಗೆ ಹೇಳಬೇಕು. ಕಾಮಾಸಕ್ತಿ ಕುಗ್ಗುವುದನ್ನು ಡಾಕ್ಟರೂ ಹೇಳರು, ರೋಗಿಯೂ ಕೇಳರು, ಕೇಳಿ.

ಹುಷಾರಾದ ಮೇಲೂ ಆರು ತಿಂಗಳಿಂದ ವರ್ಷದವರೆಗೆ ಮುಂದುವರಿಸಿ, ಆಮೇಲೆ ಡಾಕ್ಟರ ಜೊತೆ ಕೂತು ವಾರಗಟ್ಟಲೆ ನಿಧಾನಕ್ಕೆ ಇಳಿಸುವುದು ರೂಢಿ. ಆ ಇಳಿಕೆಗೆ ಆಡಿಟ್ ತಿಂಗಳು, ಮಗಳ ಮದುವೆ ತಿಂಗಳು ಬೇಡ.