ಈ ಕಾದಂಬರಿ ಯಾರ ಕಡೆಯದು?

ನವೆಂಬರ್ ಬಂತೆಂದರೆ ಯಾವುದಾದರೊಂದು ಸಂವಾದದ ವೇದಿಕೆಯಿಂದ ಹಿರಿಯ ಪ್ರಕಾಶಕರೊಬ್ಬರು ‘ಹೊಸ ಬರಹಗಾರರಿಗೆ ನಮ್ಮ ಬಾಗಿಲು ಸದಾ ತೆರೆದಿದೆ, ಪ್ರತಿಭೆಯೊಂದಿದ್ದರೆ ಸಾಕು, ಪರಿಚಯ ಬೇಕಾಗಿಲ್ಲ’ ಎಂದು ಸಾರುವುದೂ, ಮರುದಿನ ಅದು ಪತ್ರಿಕೆಯ ಒಳಪುಟದಲ್ಲಿ ಎರಡು ಕಾಲಂ ಸುದ್ದಿಯಾಗುವುದೂ ರಾಜ್ಯೋತ್ಸವದ ಒಂದು ಅಂಗವೇ ಆಗಿಬಿಟ್ಟಿದೆ. ಈ ವರ್ಷವೂ ಓದಿದ್ದಾಯಿತು. ಮಾತಿನಲ್ಲಿ ಸುಳ್ಳೇನೂ ಇಲ್ಲ. ಬಾಗಿಲು ತೆರೆದೇ ಇದೆ; ಒಳಗೆ ಕುಳಿತು ಹಸ್ತಪ್ರತಿ ಓದುವವರು ಯಾರೂ ಇಲ್ಲ, ಅಷ್ಟೆ.

ಇಂಗ್ಲಿಷ್ ಪ್ರಕಾಶನ ಲೋಕದಲ್ಲಿ ಏಜೆಂಟ್ ಎಂಬೊಬ್ಬನಿರುತ್ತಾನೆ, ಅವನು ಕಾದಂಬರಿಯನ್ನು ಪ್ರಕಾಶಕರಿಗೆ ಮುಟ್ಟಿಸಿ ಲೇಖಕನ ಗಳಿಕೆಯಲ್ಲಿ ಪಾಲು ಪಡೆಯುತ್ತಾನೆ. ಕನ್ನಡ ಅಷ್ಟು ವ್ಯಾಪಾರಿ ಬುದ್ಧಿಯ ಭಾಷೆಯಲ್ಲ. ಇಲ್ಲಿ ಅದೇ ಕೆಲಸವನ್ನು ನಿವೃತ್ತ ಪ್ರಾಧ್ಯಾಪಕರು, ಅಕಾಡೆಮಿಯ ಮಾಜಿ ಸದಸ್ಯರು, ಪುರವಣಿಯ ಸಂಪಾದಕರ ಸಹಪಾಠಿಗಳು ಬಿಡಿಗಾಸೂ ಪಡೆಯದೆ ಗೌರವ ಸೇವೆಯಾಗಿ ನಡೆಸಿಕೊಡುತ್ತಾರೆ. ‘ನಮ್ಮ ಹುಡುಗ, ಚೆನ್ನಾಗಿ ಬರೀತಾನೆ, ಸ್ವಲ್ಪ ನೋಡಿ’ ಎಂಬ ಒಂದು ಫೋನ್ ಕರೆಯಲ್ಲಿ ಮುನ್ನೂರು ಪುಟಗಳ ವಿಮರ್ಶೆ ಮುಗಿದುಹೋಗುತ್ತದೆ. ಇದನ್ನು ಶಿಫಾರಸು ಎನ್ನುವವರು ಸಣ್ಣ ಮನಸ್ಸಿನವರು. ನಾವು ಇದನ್ನು ಗುರುಶಿಷ್ಯ ಪರಂಪರೆ ಎನ್ನುತ್ತೇವೆ.

ಈ ಪರಂಪರೆಯ ಅತ್ಯುನ್ನತ ಸಾಹಿತ್ಯ ಪ್ರಕಾರವೆಂದರೆ ಮುನ್ನುಡಿ. ಡಿಟಿಪಿ ಮುಗಿದು, ಕರಡು ತಿದ್ದಿ, ಮುಖಪುಟವೂ ಸಿದ್ಧವಾಗಿ ಕಾದಂಬರಿ ತಿಂಗಳುಗಟ್ಟಲೆ ಮುನ್ನುಡಿಗಾಗಿ ಕಾದು ಕುಳಿತಿರುವುದುಂಟು. ಕೊನೆಗೊಮ್ಮೆ ಅದು ಬರುತ್ತದೆ. ಮೊದಲ ಪುಟದಲ್ಲಿ ಲೇಖಕನು ಮುನ್ನುಡಿಕಾರರ ಎಂ.ಎ. ತರಗತಿಯಲ್ಲಿ ಎರಡನೆಯ ಬೆಂಚಿನಲ್ಲಿ ಕುಳಿತು ವಿನಯದಿಂದ ಪಾಠ ಕೇಳುತ್ತಿದ್ದ ನೆನಪು. ಎರಡನೆಯ ಪುಟದಿಂದ ಐದನೆಯ ಪುಟದವರೆಗೆ ನವೋದಯ, ಪ್ರಗತಿಶೀಲ, ನವ್ಯ, ಬಂಡಾಯಗಳ ಸಿಂಹಾವಲೋಕನ. ಆರನೆಯ ಪುಟದಲ್ಲಿ, ಬಸ್ಸಿಗೆ ಹೊತ್ತಾಯಿತೆಂಬ ಅವಸರದಲ್ಲಿ, ಪ್ರಸ್ತುತ ಕಾದಂಬರಿಯ ಪ್ರಸ್ತಾಪ. ಅಲ್ಲಿ ನಾಯಕಿಯ ಹೆಸರು ಸುಮಿತ್ರೆಯ ಬದಲು ಸುಭದ್ರೆಯಾಗಿರುತ್ತದೆ, ಮತ್ತು ಈ ಲೇಖಕರಿಂದ ಕನ್ನಡ ಸಾಹಿತ್ಯ ಲೋಕ ಇನ್ನೂ ಹೆಚ್ಚಿನದನ್ನು ನಿರೀಕ್ಷಿಸಬಹುದೆಂಬ ಭರವಸೆಯಿರುತ್ತದೆ. ಹೆಸರನ್ನು ತಿದ್ದಿಕೊಡಿ ಎಂದು ಕೇಳುವ ಧೈರ್ಯ ಯಾವ ಹೊಸ ಲೇಖಕನಿಗೂ ಇರುವುದಿಲ್ಲವಾದ್ದರಿಂದ ಸುಭದ್ರೆ ಹಾಗೆಯೇ ಅಚ್ಚಾಗುತ್ತಾಳೆ. ಬೆನ್ನುಡಿಯ ವಿಷಯ ನಾನು ಎತ್ತುವುದಿಲ್ಲ, ಅದು ಮುನ್ನುಡಿಯ ಕೊನೆಯ ಪ್ಯಾರಾ.

ಇನ್ನು ಬಿಡುಗಡೆ ಸಮಾರಂಭ. ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದ ನಯನ ಸಭಾಂಗಣದಲ್ಲಿ ಯಾವುದಾದರೊಂದು ಭಾನುವಾರ ಬೆಳಿಗ್ಗೆ ಹೋಗಿ ಕುಳಿತರೆ ಪರಿಚಯದ ಮಹಿಮೆಯನ್ನು ಕಣ್ಣಾರೆ ಕಾಣಬಹುದು. ಆಹ್ವಾನ ಪತ್ರಿಕೆಯಲ್ಲಿ ಉದ್ಘಾಟನೆ, ಲೋಕಾರ್ಪಣೆ, ಅಧ್ಯಕ್ಷತೆ, ಆಶಯ ನುಡಿ, ಕೃತಿ ಕುರಿತು, ಮುಖ್ಯ ಅತಿಥಿ, ವಿಶೇಷ ಆಹ್ವಾನಿತರು ಎಂಬ ಪದವಿಗಳನ್ನು ಸೃಷ್ಟಿಸಿರುವುದು ಯಾರೂ ಬೇಸರಿಸಿಕೊಳ್ಳಬಾರದೆಂಬ ಒಂದೇ ಉದ್ದೇಶದಿಂದ. ಬಣ್ಣದ ಕಾಗದದಲ್ಲಿ ಸುತ್ತಿದ ಪುಸ್ತಕಗಳ ಕಟ್ಟನ್ನು ಲೋಕಾರ್ಪಣೆ ಮಾಡುವ ಗಣ್ಯರು, ಉತ್ಸಾಹಿ ಕಾರ್ಯಕರ್ತನೊಬ್ಬ ನಾಲ್ಕು ಸುತ್ತು ಹಾಕಿರುವ ಸೆಲ್ಲೋ ಟೇಪನ್ನು ಉಗುರಿನಿಂದ ಕೆರೆಯುತ್ತ, ಫೋಟೋಗ್ರಾಫರನತ್ತ ನಗುತ್ತ, ಕೊನೆಗೆ ಹಲ್ಲಿನ ಸಹಾಯ ಪಡೆಯಬೇಕೆ ಎಂದು ಯೋಚಿಸುವ ಆ ಒಂದು ನಿಮಿಷವೇ ಇಡೀ ಸಮಾರಂಭದಲ್ಲಿ ಯಾರಾದರೂ ಆ ಪುಸ್ತಕವನ್ನು ತೆರೆಯಲು ಪಡುವ ಪ್ರಾಮಾಣಿಕ ಶ್ರಮ. ಲೇಖಕನ ಸರದಿ ಬರುವ ಹೊತ್ತಿಗೆ ಸಭಾಂಗಣ ತೆರವು ಮಾಡುವ ವೇಳೆಯಾಗಿರುತ್ತದೆ. ಅವನಿಗೆ ಐದು ನಿಮಿಷ. ಆ ಐದೂ ವಂದನಾರ್ಪಣೆಗೇ ಸಾಲದು.

ಪ್ರಕಾಶಕರನ್ನು ಬೈಯಲು ಸುಲಭ. ಅವರ ಲೆಕ್ಕವನ್ನೂ ನೋಡಬೇಕು. ಹೊಸಬನ ಕಾದಂಬರಿಯ ಐನೂರೋ ಸಾವಿರವೋ ಪ್ರತಿ ಅಚ್ಚಾದರೆ, ಅದರಲ್ಲಿ ಮುನ್ನೂರನ್ನು ಸಾರ್ವಜನಿಕ ಗ್ರಂಥಾಲಯ ಇಲಾಖೆ ಸಗಟು ಖರೀದಿಯಲ್ಲಿ ಕೊಂಡೀತೆಂಬ ಆಸೆಯಿಂದಲೇ ಅಚ್ಚು ಶುರುವಾಗುವುದು. ಕಥೆ ಹೇಗಾದರೂ ಇರಲಿ, ಬೆಲೆಯನ್ನು ಪುಟಕ್ಕೆ ಇಷ್ಟು ಪೈಸೆ ಎಂಬ ದರದಲ್ಲಿ ಕಟ್ಟಲಾಗುತ್ತದೆ; ಹಾಗಾಗಿ ದಪ್ಪ ಕಾದಂಬರಿಗಳು ನಮ್ಮಲ್ಲಿ ಸದಾ ಮಹತ್ವಾಕಾಂಕ್ಷೆಯವು. ಇಂಥ ಖರೀದಿಯೂ ಸೇರಿ ಗ್ರಂಥಾಲಯಗಳು ನಡೆಯಲೆಂದೇ 1965ರ ಗ್ರಂಥಾಲಯ ಕಾಯಿದೆಯಂತೆ ನೀವೂ ನಾನೂ ಆಸ್ತಿ ತೆರಿಗೆಯ ಜೊತೆ ಶೇ. 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಸಂಗ್ರಹಿಸಿದ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ಕೊಡುವುದಿಲ್ಲ, ಇಲಾಖೆ ಪ್ರಕಾಶಕನಿಗೆ ಕೊಡುವುದಿಲ್ಲ, ಪ್ರಕಾಶಕ ಲೇಖಕನಿಗೆ ಕೊಡುವುದಿಲ್ಲ. ಈ ಸರಪಳಿಯಲ್ಲಿ ಶಿಸ್ತಿನ ಕೊರತೆಯಿದೆ ಎಂದು ಮಾತ್ರ ಯಾರೂ ಹೇಳುವಂತಿಲ್ಲ. ಇಂಥ ಬಾಕಿಯಲ್ಲಿ ಬದುಕುವ ಮನುಷ್ಯ ಹಸ್ತಪ್ರತಿ ಓದಲೆಂದು ಸಂಬಳ ಕೊಟ್ಟು ಒಬ್ಬರನ್ನು ಎಲ್ಲಿಂದ ಇಟ್ಟುಕೊಳ್ಳಬೇಕು? ಆದ್ದರಿಂದ ಪರಿಚಯವೇ ಇಲ್ಲಿ ಸಂಪಾದಕ. ಅದೂ ಇಲ್ಲದವರಿಗೆ ಇನ್ನೊಂದು ದಾರಿಯಿದೆ: ಮುದ್ರಣದ ಖರ್ಚು ಲೇಖಕರದು, ಲಾಂಛನ ಪ್ರಕಾಶಕರದು, ಇನ್ನೂರು ಪ್ರತಿಗಳು ಲೇಖಕರ ಮಂಚದ ಕೆಳಗೆ.

ಹಿಂದೆ ಎಲ್ಲವೂ ಚೆನ್ನಾಗಿತ್ತೆಂದು ಹೇಳುವ ಚಾಳಿ ನನಗಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅದನ್ನು ನಾವು ಇಂದು ವೇದಿಕೆಯ ಮೇಲೆ ಕಣ್ಣೀರಿನೊಂದಿಗೆ ಸ್ಮರಿಸುತ್ತೇವೆಯೇ ಹೊರತು, ಆ ಸ್ಥಿತಿ ನಾಡಿಗೆ ಅವಮಾನವೆಂದು ಯಾರಿಗೂ ಅನ್ನಿಸಿದಂತಿಲ್ಲ. ಆದರೂ ವಾರಪತ್ರಿಕೆಗಳಲ್ಲಿ ಧಾರಾವಾಹಿಗಳು ಬರುತ್ತಿದ್ದ ಕಾಲದಲ್ಲಿ ಒಂದು ಸಣ್ಣ ಕಿಂಡಿಯಿತ್ತು. ಯಾವುದೋ ತಾಲ್ಲೂಕಿನ ಗೃಹಿಣಿಯೊಬ್ಬರು ಅಂಚೆಯಲ್ಲಿ ಕಳಿಸಿದ ಕಾದಂಬರಿಯನ್ನು ಸಂಬಳ ಪಡೆಯುವ ಉಪಸಂಪಾದಕನೊಬ್ಬ, ಅದು ತನ್ನ ಕೆಲಸವೆಂಬ ಕಾರಣಕ್ಕೇ, ಓದುತ್ತಿದ್ದ. ಕಾದಂಬರಿ ಸ್ಪರ್ಧೆಗಳಿದ್ದವು. ಇಂದು ಕಥೆಗಾರರ ಮಟ್ಟಿಗೆ ಛಂದ ಪುಸ್ತಕ ಪ್ರಕಾಶನ ನಡೆಸಿಕೊಂಡು ಬಂದ ಹಸ್ತಪ್ರತಿ ಸ್ಪರ್ಧೆಯಂಥವು ಆ ಕೆಲಸ ಮಾಡಿವೆ; ಕನ್ನಡ ಪುಸ್ತಕ ಪ್ರಾಧಿಕಾರವೂ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಆದರೆ ಧನ ಬಂದ ಮೇಲೂ ಪ್ರಕಾಶಕ ಬೇಕು, ಆಮೇಲೆ ಮುನ್ನುಡಿ ಬೇಕು. ಸುಭದ್ರೆ ಅಲ್ಲಿಯೂ ಕಾದಿರುತ್ತಾಳೆ.

ಅಣಕ ಸಾಕು. ಸಿಂದಗಿಯಲ್ಲೋ ಹಿರಿಯೂರಿನಲ್ಲೋ ಶಾಲೆಯ ಕೆಲಸ ಮುಗಿಸಿ, ಮಕ್ಕಳನ್ನು ಮಲಗಿಸಿ, ವರ್ಷಗಟ್ಟಲೆ ಒಂದು ಕಾದಂಬರಿ ಬರೆದವರು ಬೆಂಗಳೂರಿನ ಯಾರ ಮನೆಯ ಗೇಟನ್ನೂ ತಟ್ಟಿದವರಲ್ಲ. ಅವರು ಕಳಿಸಿದ ಮಿಂಚಂಚೆಗೆ ಉತ್ತರ ಬರುವುದಿಲ್ಲ. ಫೋನ್ ಮಾಡಿದರೆ ‘ನೋಡ್ತೀವಿ ಮೇಡಂ’ ಎನ್ನುತ್ತಾರೆ, ಮತ್ತೆ ಮಾಡಿದರೆ ‘ನಿಮಗೆ ನಮ್ಮ ನಂಬರ್ ಯಾರು ಕೊಟ್ಟರು?’ ಎನ್ನುತ್ತಾರೆ. ಪ್ರಕಟಿಸಿ ಎಂದು ಯಾರೂ ಬೇಡುತ್ತಿಲ್ಲ. ಓದಿ, ಆಮೇಲೆ ಬೇಡವೆನ್ನಿ. ‘ಮೂರನೆಯ ಅಧ್ಯಾಯದಿಂದ ಕಥೆ ಜಾಳಾಗಿದೆ, ಮಾವನ ಪಾತ್ರ ನಂಬುವಂತಿಲ್ಲ, ನಮಗೆ ಬೇಡ’ ಎಂದು ಎರಡು ಸಾಲು ಬರೆಯಲು ಗ್ರಂಥಾಲಯ ಇಲಾಖೆಯ ಬಾಕಿ ಬರಬೇಕಾಗಿಲ್ಲ. ಅಂಥದೊಂದು ಪತ್ರವನ್ನು ತೋರಿಸಿದ ಹೊಸ ಕಾದಂಬರಿಕಾರರು ನನಗಿನ್ನೂ ಸಿಕ್ಕಿಲ್ಲ.